ಸ್ಪ್ಯಾಮ್ ಜೊತೆ ಒಳ್ಳೇ ಮೇಲೂ ನಿಂತುಹೋದರೆ: ಸೆಂಡರ್ ವೆರಿಫಿಕೇಶನ್ ದೋಷ ಹುಡುಕುವ ಕೈಪಿಡಿ

ಬೈಕಂಪಾಡಿಯ ಗೇರುಬೀಜ ಕಾರ್ಖಾನೆ ಇರಲಿ, ಉಡುಪಿ ರಥಬೀದಿ ಹತ್ತಿರದ ಲಾಡ್ಜ್ ಇರಲಿ, ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರಿಂದ ಬರುವ ಒಂದು ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸರ್, ಸ್ಪ್ಯಾಮ್ ಕಮ್ಮಿ ಆಗಿದೆ, ಅದು ಸರಿ ಉಂಟು. ಆದರೆ ಪಣಂಬೂರಿನ ಶಿಪ್ಪಿಂಗ್ ಏಜೆಂಟ್ ಮೊನ್ನೆ ಕಳಿಸಿದ ಮೇಲ್ ಇನ್ನೂ ಬಂದಿಲ್ಲ. ಅವರಿಗೆ ಬೌನ್ಸ್ ಕೂಡ ಹೋಗಿಲ್ಲವಂತೆ. ಎಂತ ಆಗಿದೆ ನೋಡಿ ಮಾರಾಯ್ರೆ."

ಈ ಮಾತಿನಲ್ಲೇ ಎರಡು ಸುಳಿವು ಇವೆ. ಸ್ಪ್ಯಾಮ್ ಇದ್ದಕ್ಕಿದ್ದಂತೆ ಕಡಿಮೆಯಾಗಿದೆ ಎಂದರೆ ಯಾರೋ ಇತ್ತೀಚೆಗೆ ಹೊಸ ತಡೆ ಹಾಕಿದ್ದಾರೆ. ಬೌನ್ಸ್ (ಮೇಲ್ ತಲುಪಲಿಲ್ಲ ಎಂದು ಕಳಿಸಿದವರಿಗೆ ವಾಪಸ್ ಹೋಗುವ ಸೂಚನೆ) ಹೋಗಿಲ್ಲ ಎಂದರೆ ನಮ್ಮ ಸರ್ವರ್ ಮೇಲನ್ನು ಖಡಾಖಂಡಿತವಾಗಿ ಬೇಡ ಎಂದಿಲ್ಲ, "ಆಮೇಲೆ ಬಾ" ಎನ್ನುತ್ತಲೇ ಇದೆ. ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ನೋಡುವುದು ಸೆಂಡರ್ ಅಡ್ರೆಸ್ ವೆರಿಫಿಕೇಶನ್. ಅಂದರೆ, ಮೇಲ್ ಕಳಿಸಿದವರ ವಿಳಾಸ ನಿಜವಾಗಿ ಇದೆಯಾ ಎಂದು ನಮ್ಮ ಸರ್ವರ್ ತಾನೇ ಹೋಗಿ ಕೇಳಿಕೊಂಡು ಬರುವ ವ್ಯವಸ್ಥೆ.

ಇಲ್ಲಿ ಹೇಳುವುದೆಲ್ಲ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಲೆಕ್ಕದಲ್ಲಿ. ಸೆಟ್ಟಿಂಗ್ ಹೆಸರುಗಳನ್ನೂ ಲಾಗ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸೆಟ್ಟಿಂಗ್ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ, ಅಂಡರ್‌ಸ್ಕೋರ್ ಇದ್ದಲ್ಲಿ ಇರಲಿ.

ಅದು ಕೇಳುವುದೇನು

ಹೊರಗಿನಿಂದ ಮೇಲ್ ಬರುವಾಗ ಕಳಿಸುವ ಸರ್ವರ್ ಮೊದಲು "ಮೇಲ್ ಫ್ರಮ್" ಎಂದು ಒಂದು ವಿಳಾಸ ಹೇಳುತ್ತದೆ. ರಿಜೆಕ್ಟ್_ಅನ್‌ವೆರಿಫೈಡ್_ಸೆಂಡರ್ ಎಂಬ ನಿಯಮ ಇದ್ದರೆ ಪೋಸ್ಟ್‌ಫಿಕ್ಸ್ ಆ ವಿಳಾಸದ ಡೊಮೈನ್‌ಗೆ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ ಹೆಸರುಗಳ ವಿಳಾಸಪಟ್ಟಿ) ಎಂಎಕ್ಸ್ ದಾಖಲೆ, ಅಂದರೆ ಆ ಡೊಮೈನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂಬ ದಾಖಲೆ, ಹುಡುಕುತ್ತದೆ. ಅಲ್ಲಿನ ಸರ್ವರ್‌ನ 25ನೇ ಪೋರ್ಟ್‌ಗೆ ಹೋಗಿ "ಈ ವಿಳಾಸಕ್ಕೆ ಮೇಲ್ ಕೊಟ್ಟರೆ ತಗೊಳ್ತೀಯಾ?" ಎಂದು ಕೇಳುತ್ತದೆ. ಉತ್ತರ ಸಿಕ್ಕಿದ ಕೂಡಲೇ ಏನನ್ನೂ ಕಳಿಸದೆ ಎದ್ದು ಬರುತ್ತದೆ. ಒಂದು ನಂಬರ್ ಚಾಲ್ತಿಯಲ್ಲಿದೆಯಾ ನೋಡಲು ಮಿಸ್ಡ್ ಕಾಲ್ ಕೊಡುವ ಹಾಗೆ.

ರಿಂಗ್ ಆಯಿತು ಎಂದರೆ ನಂಬರ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ಈ ಮೇಲ್ ಆ ವಿಳಾಸದವರೇ ಕಳಿಸಿದ್ದಾ ಎನ್ನುವುದು ಗೊತ್ತಾಗುವುದಿಲ್ಲ. ಸ್ಪ್ಯಾಮ್ ಕಳಿಸುವವನು ಯಾರದೋ ನಿಜವಾದ ವಿಳಾಸ ಕದ್ದು ಹಾಕಿದರೆ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾನೆ. ಇನ್ನೊಂದು ವಿಷಯ, ನಮ್ಮ ಕಣ್ಣಿಗೆ ಕಾಣುವ "ಫ್ರಮ್" ಸಾಲನ್ನು ಇದು ನೋಡುವುದೇ ಇಲ್ಲ. ನೋಡುವುದು ಕವರ್ ಮೇಲಿನ ವಿಳಾಸ, ಅಂದರೆ ಆ "ಮೇಲ್ ಫ್ರಮ್" ವಿಳಾಸ ಮಾತ್ರ. ಅದನ್ನು ತಿಳಿಯಬೇಕಾದರೆ ಮೇಲ್‌ನ ಪೂರ್ತಿ ಹೆಡರ್ ತೆರೆದು "ರಿಟರ್ನ್ ಪಾತ್" ಸಾಲು ಓದಬೇಕು. ದೂರು ಕೊಟ್ಟವರು "ಇದೇ ವಿಳಾಸದಿಂದ ಬರಬೇಕಿತ್ತು" ಎಂದು ಹೇಳಿದ ವಿಳಾಸವನ್ನೇ ಲಾಗ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ, ಕಾರಣ ಇದೇ.

ಎಕ್ಸಿಮ್ ಎಂಬ ಇನ್ನೊಂದು ಮೇಲ್ ಸರ್ವರ್ ಪ್ರೋಗ್ರಾಂ ಬಳಸುವವರಿಗೆ ಇದೇ ಕೆಲಸದ ಹೆಸರು ಕಾಲ್‌ಔಟ್. ಅದು ಖಾಲಿ ಕಳಿಸುವವರ ವಿಳಾಸ ಇಟ್ಟು ಕೇಳುತ್ತದೆ. ಪೋಸ್ಟ್‌ಫಿಕ್ಸ್ 2.5ರಿಂದ ಈಚೆಗೆ ಡಬಲ್-ಬೌನ್ಸ್ ಎಂಬ ಹೆಸರಿನಲ್ಲಿ ಕೇಳುತ್ತದೆ. ಈ ಡಬಲ್-ಬೌನ್ಸ್ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಲಾಗ್, ಆಮೇಲೆ ಬಾಕಿ ಎಲ್ಲ

ಡೆಬಿಯನ್, ಉಬುಂಟು ಆದರೆ ವಾರ್ ಲಾಗ್ ಒಳಗಿನ ಮೇಲ್ ಡಾಟ್ ಲಾಗ್. ರೆಡ್‌ಹ್ಯಾಟ್ ಕುಟುಂಬ ಆದರೆ ಮೇಲ್‌ಲಾಗ್. ಗ್ರೆಪ್ ಎಂಬ ಹುಡುಕುವ ಕಮಾಂಡ್‌ಗೆ ಹೈಫನ್ ಐ ಸೇರಿಸಿ (ದೊಡ್ಡಕ್ಷರ ಸಣ್ಣಕ್ಷರ ಯಾವುದಿದ್ದರೂ ಸಿಗುವ ಹಾಗೆ) "ಸೆಂಡರ್ ಅಡ್ರೆಸ್ ರಿಜೆಕ್ಟೆಡ್" ಎಂದು ಹುಡುಕಿ. ಸಾಲಿನ ಕೊನೆಯ ಭಾಗ ಮೂರು ಥರ ಇರಬಹುದು.

"ಡೊಮೈನ್ ನಾಟ್ ಫೌಂಡ್" ಎಂದಿದ್ದರೆ ವಿಷಯ ಬೇರೆ. ಅದು ರಿಜೆಕ್ಟ್_ಅನ್‌ನೋನ್_ಸೆಂಡರ್_ಡೊಮೈನ್ ನಿಯಮದ ಕೆಲಸ. ಬರೇ ಡಿಎನ್‌ಎಸ್ ನೋಡಿ ಹೇಳಿದ್ದು, ಯಾರ ಬಾಗಿಲಿಗೂ ಹೋಗಿಲ್ಲ. ನಮ್ಮ ಡಿಎನ್‌ಎಸ್ ಸರಿ ಇದೆಯಾ ನೋಡಿ, ಇದ್ದರೆ ಮುಂದೆ ಹೋಗಿ.

"ಅನ್‌ವೆರಿಫೈಡ್ ಅಡ್ರೆಸ್" ಎಂದಿದ್ದರೆ ನಮ್ಮ ಸರ್ವರ್‌ಗೆ ಇನ್ನೂ ಉತ್ತರ ಸಿಕ್ಕಿಲ್ಲ, ಅಥವಾ ಆ ಕಡೆಯವರು "ಸ್ವಲ್ಪ ತಡೆ" ಎಂದಿದ್ದಾರೆ. "ಅನ್‌ಡೆಲಿವರಬಲ್ ಅಡ್ರೆಸ್" ಎಂದಿದ್ದರೆ ಆ ಕಡೆಯವರು ಖಚಿತವಾಗಿ ಇಲ್ಲ ಎಂದಿದ್ದಾರೆ. ಎರಡರಲ್ಲೂ ಅದರ ಮುಂದೆ ಒಂದು ಕೋಲನ್, ಕೋಲನ್ ಆದ ಮೇಲೆ ಕಾರಣ. ರೋಗ ಇರುವುದು ಆ ಕೋಲನ್ ನಂತರ. ತುಂಬಾ ಜನ ಮೊದಲ ಅರ್ಧ ಓದಿ "ವಿಳಾಸ ಸರಿ ಇಲ್ಲ" ಎಂದು ಏಜೆಂಟ್‌ಗೆ ಫೋನ್ ಮಾಡಿ ಜಗಳ ಆಡುತ್ತಾರೆ. ಸುಮ್ನೆ.

ಇನ್ನು ಬೌನ್ಸ್ ಯಾಕೆ ಹೋಗಲಿಲ್ಲ? ಅನ್‌ವೆರಿಫೈಡ್_ಸೆಂಡರ್_ರಿಜೆಕ್ಟ್_ಕೋಡ್ ಎಂಬ ಸೆಟ್ಟಿಂಗ್ ಪೋಸ್ಟ್‌ಫಿಕ್ಸ್‌ನಲ್ಲಿ ತಾನಾಗಿ 450 ಇರುತ್ತದೆ. 4ರಿಂದ ಶುರುವಾಗುವ ಉತ್ತರ ಎಂದರೆ ತಾತ್ಕಾಲಿಕ. ವಿಳಾಸ ಇಲ್ಲವೇ ಇಲ್ಲ ಎಂದು ಖಾತ್ರಿಯಾದರೂ ನಮ್ಮ ಸರ್ವರ್ 450 ಎಂದೇ ಹೇಳುತ್ತದೆ. ಕಳಿಸಿದ ಸರ್ವರ್ ಪಾಪ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಅದೂ ಪೋಸ್ಟ್‌ಫಿಕ್ಸ್ ಆಗಿದ್ದು ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ 5 ದಿನ ಹೀಗೆ ತಟ್ಟಿ, ಆಮೇಲೆ ಬೌನ್ಸ್ ಮಾಡುತ್ತದೆ. ಅಷ್ಟರಲ್ಲಿ ಕಂಟೇನರ್ ಪಣಂಬೂರಿನಲ್ಲಿ ಇಳಿದು ಬಾಡಿಗೆ ಏರುತ್ತಾ ಇರುತ್ತದೆ.

ಹಾಗಂತ ಬಂದ ಕೂಡಲೇ ಆ ಕೋಡ್ ಅನ್ನು 550 ಮಾಡಬೇಡಿ. ದೋಷ ಹುಡುಕುವ ಹೊತ್ತಿನಲ್ಲಿ 450 ನಮ್ಮ ಪರ. ಕಾರಣ ಸಿಕ್ಕಿ ಸರಿ ಮಾಡಿದರೆ ಬಾಗಿಲಲ್ಲಿ ಕಾಯುತ್ತಿರುವ ಹಳೇ ಮೇಲ್‌ಗಳೆಲ್ಲ ತಾವಾಗಿ ಒಳಗೆ ಬರುತ್ತವೆ.

ಕೋಲನ್ ಆದ ಮೇಲೆ ಏನಿದೆ

"ಅಡ್ರೆಸ್ ವೆರಿಫಿಕೇಶನ್ ಇನ್ ಪ್ರೋಗ್ರೆಸ್" ಎಂದು ಒಂದೊಂದು ಸಲ ಕಂಡರೆ ಬಿಟ್ಟುಬಿಡಿ. ಪೋಸ್ಟ್‌ಫಿಕ್ಸ್ 3 ಸೆಕೆಂಡ್ ಬಿಟ್ಟು ಬಿಟ್ಟು 3 ಸಲ ನೋಡುತ್ತದೆ, ಅಷ್ಟರಲ್ಲಿ ಉತ್ತರ ಬರದಿದ್ದರೆ ಸದ್ಯಕ್ಕೆ 450 ಕೊಟ್ಟು ಕಳಿಸುತ್ತದೆ. ಹಿಂದಿನಿಂದ ಉತ್ತರ ಬಂದಾಗ ಬರೆದಿಟ್ಟುಕೊಳ್ಳುತ್ತದೆ. ಅದೇ ಮೇಲ್ ಮತ್ತೆ ಬಂದಾಗ ಒಳಗೆ ಬಿಡುತ್ತದೆ. ಎಲ್ಲ ಮೇಲ್‌ಗೂ ಹೀಗೇ ಆಗುತ್ತಿದ್ದರೆ ಮಾತ್ರ ಡಿಎನ್‌ಎಸ್ ನಿಧಾನ ಇದೆಯಾ ನೋಡಿ.

"ಗ್ರೇಲಿಸ್ಟೆಡ್" ಅಥವಾ ಆ ಕಡೆಯಿಂದ 450, 451 ಕಂಡರೆ, ಹೊಸಬರು ಯಾರೇ ಬಂದರೂ ಆ ಸರ್ವರ್ ಮೊದಲ ಸಲ ವಾಪಸ್ ಕಳಿಸುತ್ತದೆ. ನಮ್ಮ ಪ್ರಶ್ನೆಯನ್ನೂ ವಾಪಸ್ ಕಳಿಸಿದೆ. ನಾವು ಅವರ ಮೇಲನ್ನು ಕಾಯಿಸುತ್ತೇವೆ, ಅವರು ನಮ್ಮ ಪ್ರಶ್ನೆಯನ್ನು ಕಾಯಿಸುತ್ತಾರೆ. ಕೊನೆಗೆ ಮೇಲ್ ಬರುತ್ತದೆ, ಆದರೆ ಗಂಟೆಗಟ್ಟಲೆ ತಡ. ನಮ್ಮ ಗೇರುಬೀಜದವರು ಐವರಿ ಕೋಸ್ಟ್, ತಾಂಜಾನಿಯಾ ಕಡೆಯಿಂದ ಕಚ್ಚಾ ಬೀಜ ತರಿಸುವವರು. ಅಲ್ಲಿನ ಸಣ್ಣ ಸಣ್ಣ ವ್ಯಾಪಾರಿಗಳ ಸರ್ವರ್‌ನಿಂದ ಮೊದಲ ಮೇಲ್ ಬರುವಾಗ ಈ ತಡ ದರದ ಮಾತುಕತೆಯನ್ನೇ ಕೆಡಿಸಬಹುದು.

"ಯೂಸರ್ ಅನ್‌ನೋನ್" ಎಂದು 550 ಕಂಡರೆ ಎರಡು ಸಾಧ್ಯತೆ. ನಿಜವಾಗಿಯೂ ಸುಳ್ಳು ವಿಳಾಸ, ಆಗ ನಿಯಮ ತನ್ನ ಕೆಲಸ ಮಾಡಿದೆ. ಇಲ್ಲವಾದರೆ ನೋ-ರಿಪ್ಲೈ ಜಾತಿಯ ವಿಳಾಸ. ಯಂತ್ರದಿಂದ ಮೇಲ್ ಕಳಿಸುವ ಎಷ್ಟೋ ಕಡೆ ಕಳಿಸಲು ಒಂದು ಹೆಸರು ಇಟ್ಟಿರುತ್ತಾರೆ, ಆ ಹೆಸರಿಗೆ ಮೇಲ್ ಬೀಳುವ ಡಬ್ಬಿಯೇ ಇರುವುದಿಲ್ಲ. ಬೌನ್ಸ್ ತೆಗೆದುಕೊಳ್ಳಲಾಗದ ವಿಳಾಸದಿಂದ ಮೇಲ್ ಕಳಿಸುವುದು ತಪ್ಪೇ. ಆದರೆ ಓಟಿಪಿಗೆ ಕಾಯುತ್ತಿರುವ ಅಕೌಂಟೆಂಟ್ ಮೇಡಂಗೆ ಆ ನ್ಯಾಯ ಹೇಳಿ ಪ್ರಯೋಜನ ಇಲ್ಲ ಅಲ್ವಾ.

"ಕನೆಕ್ಷನ್ ಟೈಮ್ಡ್ ಔಟ್" ಒಂದೇ ಡೊಮೈನ್‌ಗೆ ಬಂದರೆ ಅವರ ಸರ್ವರ್ ಬಿದ್ದಿರಬಹುದು. ಎಲ್ಲ ಡೊಮೈನ್‌ಗೂ ಬಂದರೆ ನಮ್ಮಿಂದ ಹೊರಗೆ ಹೋಗುವ 25ನೇ ಪೋರ್ಟ್ ಮುಚ್ಚಿದೆ. ಬಾಡಿಗೆ ಕ್ಲೌಡ್ ಸರ್ವರ್‌ಗಳಲ್ಲಿ ಇದು ಮಾಮೂಲು, ಸ್ಪ್ಯಾಮ್ ಹೋಗಬಾರದು ಎಂದು ಅವರೇ ಮುಚ್ಚಿರುತ್ತಾರೆ. ಒಳಗೆ ಬರುವ 25 ತೆರೆದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ತಪ್ಪು ನಮ್ಮದು, ಶಿಕ್ಷೆ ಅವರಿಗೆ

ಮೇಲೆ ಹೇಳಿದ ಕಾರಣಗಳನ್ನು ಲಾಗ್ ಓದಿದವರು ಯಾರೂ ಹಿಡಿಯಬಹುದು. ಕಣ್ಣು ತಪ್ಪಿಸುವುದು ಇನ್ನೊಂದು. ಬೈಕಂಪಾಡಿಯ ಆ ಆಫೀಸಿನ ಲಾಗ್‌ನಲ್ಲಿ ಇದ್ದದ್ದು ಹೆಚ್ಚುಕಡಿಮೆ ಹೀಗೆ:

"450 4.1.7 ಸೆಂಡರ್ ಅಡ್ರೆಸ್ ರಿಜೆಕ್ಟೆಡ್: ಅನ್‌ಡೆಲಿವರಬಲ್ ಅಡ್ರೆಸ್: ಹೋಸ್ಟ್ ಇಂಥದ್ದು ಸೆಡ್: 550 ಸೆಂಡರ್ ವೆರಿಫೈ ಫೇಲ್ಡ್, ಇನ್ ರಿಪ್ಲೈ ಟು ಆರ್‌ಸಿಪಿಟಿ ಟು ಕಮಾಂಡ್."

ಒಂದೇ ಸಾಲಿನಲ್ಲಿ ಸೆಂಡರ್ ಎಂಬ ಮಾತು ಎರಡು ಸಲ ಬಂದಿದೆ. ಮೊದಲನೆಯ ಸೆಂಡರ್ ಏಜೆಂಟ್. ಎರಡನೆಯ ಸೆಂಡರ್ ನಾವು! ನಮ್ಮ ಸರ್ವರ್ ಏಜೆಂಟ್‌ನ ವಿಳಾಸ ಕೇಳಲು ಹೋಯಿತು. ಅವರ ಸರ್ವರ್ ಕೂಡ ಇದೇ ಪರೀಕ್ಷೆ ಇಟ್ಟುಕೊಂಡಿದೆ, "ಕೇಳುವವನು ಯಾರು?" ಎಂದು ನಮ್ಮ ಡಬಲ್-ಬೌನ್ಸ್ ವಿಳಾಸವನ್ನು ಪರೀಕ್ಷಿಸಿತು. ಅದು ಸರಿ ಬರಲಿಲ್ಲ. ಹಾಗಾಗಿ 550 ಎಂದಿತು. ನಮ್ಮ ಪೋಸ್ಟ್‌ಫಿಕ್ಸ್‌ಗೆ ಗೊತ್ತಾಗುವುದು 550 ಎಂಬ ಅಂಕಿ ಮಾತ್ರ. ಏಜೆಂಟ್ ವಿಳಾಸವೇ ಇಲ್ಲ ಎಂದು ತೀರ್ಮಾನ ಮಾಡಿತು.

ನಮ್ಮ ವಿಳಾಸ ಯಾಕೆ ಸರಿ ಬರಲಿಲ್ಲ? ಡಬಲ್-ಬೌನ್ಸ್ ಹೆಸರಿನ ಮುಂದೆ ಸೇರುವ ಡೊಮೈನ್ ಬರುವುದು ಮೈಒರಿಜಿನ್ ಎಂಬ ಸೆಟ್ಟಿಂಗ್‌ನಿಂದ. ಅದನ್ನು ಯಾರೂ ಮುಟ್ಟದಿದ್ದರೆ ಸರ್ವರ್‌ನ ಸ್ವಂತ ಹೆಸರೇ ಅಲ್ಲಿ ಕೂರುತ್ತದೆ. ಸರ್ವರ್ ಹೆಸರು ಮೇಲ್ ಡಾಟ್ ಲೋಕಲ್ ಎಂದು ಇದ್ದರೆ ಲೋಕದ ಯಾವ ಡಿಎನ್‌ಎಸ್‌ನಲ್ಲೂ ಅದು ಸಿಗುವುದಿಲ್ಲ. ನೋಡುವುದು ಸುಲಭ. ಸೆಟ್ಟಿಂಗ್ ತೋರಿಸುವ ಪೋಸ್ಟ್‌ಕಾನ್ಫ್ ಕಮಾಂಡ್ ಬರೆದು ಮೈಒರಿಜಿನ್, ಮೈಹೋಸ್ಟ್‌ನೇಮ್, ಅಡ್ರೆಸ್_ವೆರಿಫೈ_ಸೆಂಡರ್ ಮೂರನ್ನೂ ಕೇಳಿ. ಬಂದ ಡೊಮೈನ್‌ಗೆ ಡಿಗ್ (ಡಿಎನ್‌ಎಸ್ ಕೇಳುವ ಕಮಾಂಡ್) ಹಾಕಿ ಎಂಎಕ್ಸ್ ನೋಡಿ. ಎಂಎಕ್ಸ್ ಇಲ್ಲ, ಹೆಸರಿಗೆ ಐಪಿ ಹೇಳುವ ಎ ದಾಖಲೆಯೂ ಇಲ್ಲ ಎಂದಾದರೆ ಕಳ್ಳ ಸಿಕ್ಕಿದ. ಮೈಒರಿಜಿನ್ ಅನ್ನು ಕಂಪನಿಯ ನಿಜವಾದ ಡೊಮೈನ್‌ಗೆ ಬದಲಿಸಿ.

ಅಷ್ಟಕ್ಕೇ ಮುಗಿಯದೆಯೂ ಇರಬಹುದು. ಕಂಪನಿಯ ಅರ್ಧ ಡಬ್ಬಿಗಳು ಯಾವುದೋ ದೊಡ್ಡ ಮೇಲ್ ಸೇವೆಯಲ್ಲಿ, ಇನ್ನರ್ಧ ಈ ಸರ್ವರ್‌ನಲ್ಲಿ ಇರುವ ಕಡೆ ಎಂಎಕ್ಸ್ ಆ ದೊಡ್ಡ ಸೇವೆಯನ್ನು ತೋರಿಸುತ್ತದೆ. ಡಬಲ್-ಬೌನ್ಸ್ ಎಂಬ ಡಬ್ಬಿ ಅಲ್ಲಿ ಇರುವುದಿಲ್ಲ. ಕೇಳಿದವರಿಗೆ ಅದು ಇಲ್ಲ ಎನ್ನುತ್ತದೆ. ಅಂಥ ಕಡೆ ಅಡ್ರೆಸ್_ವೆರಿಫೈ_ಸೆಂಡರ್‌ಗೆ ನಿಜವಾಗಿ ಮೇಲ್ ತೆಗೆದುಕೊಳ್ಳುವ ಒಂದು ವಿಳಾಸ ಕೊಡಿ, ಪೋಸ್ಟ್‌ಮಾಸ್ಟರ್ ಆದರೂ ಆದೀತು. ಈ ವಿಳಾಸದ ಬಗ್ಗೆ ಹೊರಗಿನಿಂದ ಬರುವ ಪ್ರಶ್ನೆಗಳಿಗೆ ಪೋಸ್ಟ್‌ಫಿಕ್ಸ್ ತನ್ನ ತಡೆ ನಿಯಮಗಳನ್ನು ಹಾಕುವುದಿಲ್ಲ. ಹಾಕಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಾ ಕೂರುತ್ತಿದ್ದರು. ಆ ವಿಳಾಸಕ್ಕೆ ತಡೆಯೇ ಇಲ್ಲದ ಕಾರಣಕ್ಕೇ, ದಿನಾ ಬಳಸುವ ಧಣಿಗಳ ವಿಳಾಸವನ್ನು ಅಲ್ಲಿ ಹಾಕಬೇಡಿ.

ಇದೇ ಜಾತಿಯ ಇನ್ನೊಂದು ಕೇಸ್: "554, ನಿಮ್ಮ ಐಪಿ ಬ್ಲಾಕ್‌ಲಿಸ್ಟ್‌ನಲ್ಲಿದೆ" ಅಥವಾ "ರಿವರ್ಸ್ ಡಿಎನ್‌ಎಸ್ ಇಲ್ಲ". ಇದೂ ನಮ್ಮ ಬಗ್ಗೆ ಹೇಳಿದ ಮಾತು, ಏಜೆಂಟ್ ವಿಳಾಸದ ಬಗ್ಗೆ ಅಲ್ಲ. ನಮ್ಮ ಸರ್ವರ್‌ನ ಐಪಿಗೆ ಡಿಗ್ ಹೈಫನ್ ಎಕ್ಸ್ ಹಾಕಿ, ಹೆಸರು ಬರುತ್ತದಾ ನೋಡಿ. ಬಂದ ಹೆಸರಿಗೆ ಮತ್ತೆ ಡಿಗ್ ಹಾಕಿದರೆ ಅದೇ ಐಪಿ ಬರಬೇಕು. ಅಂಗಡಿಯ ಬ್ರಾಡ್‌ಬ್ಯಾಂಡ್ ಲೈನಿನ ಮೇಲೆ ಸರ್ವರ್ ಕೂರಿಸಿದವರಿಗೆ ಇದು ಬಹಳ ಸಲ ಬರುವುದಿಲ್ಲ. ಇಂಟರ್ನೆಟ್ ಕೊಡುವವರ ಹತ್ತಿರ ಸ್ಥಿರ ಐಪಿ ಜೊತೆ ಪಿಟಿಆರ್ ದಾಖಲೆಯನ್ನೂ (ಐಪಿಯಿಂದ ಹೆಸರು ಹೇಳುವ ದಾಖಲೆ) ಕೇಳಿ ಹಾಕಿಸಿಕೊಳ್ಳಬೇಕು.

ನಾವು ಬ್ಲಾಕ್‌ಲಿಸ್ಟ್‌ಗೆ ಸೇರಲು ಈ ಪರೀಕ್ಷೆಯೇ ಕಾರಣ ಆಗಿರಬಹುದು. ಸ್ಪ್ಯಾಮ್ ಕಳಿಸುವವನು ಪಾಪದ ಯಾರದೋ ಡೊಮೈನ್ ಹೆಸರು ಹಾಕಿ ಲಕ್ಷಗಟ್ಟಲೆ ಮೇಲ್ ಬಿಡುತ್ತಾನೆ. ಅವು ತಲುಪಿದ ಸರ್ವರ್‌ಗಳೆಲ್ಲ "ಈ ವಿಳಾಸ ಇದೆಯಾ?" ಎಂದು ಆ ಪಾಪದವನ ಬಾಗಿಲಿಗೇ ಹೋಗುತ್ತವೆ. ಅವನು ಒಂದು ಮೇಲನ್ನೂ ಕಳಿಸಿಲ್ಲ, ಆದರೂ ಅವನ ಸರ್ವರ್ ಮಲಗುತ್ತದೆ. ಹೀಗೆ ಬಂದು ಕೇಳುವವರನ್ನೂ ಹಿಡಿದು ಹಾಕುವ ಬ್ಯಾಕ್‌ಸ್ಕ್ಯಾಟರರ್ ಎಂಬ ಪಟ್ಟಿ ಇದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸ್ಪ್ಯಾಮ್ ಕಡಿಮೆ ಮಾಡಿಕೊಳ್ಳಲು ಬೇರೆಯವರ ಯಂತ್ರ ದುಡಿಸುವುದು ಸರಿಯಲ್ಲ.

ಕೈಯಾರೆ ಕೇಳಿ ನೋಡುವುದು

ಲಾಗ್ ಓದಿಯೂ ಅನುಮಾನ ಉಳಿದರೆ ಪೋಸ್ಟ್‌ಫಿಕ್ಸ್ ಮಾಡುವ ಕೆಲಸವನ್ನೇ ನೀವು ಮಾಡಿ. ಮಾಡಬೇಕಾದ್ದು ಮೇಲ್ ಸರ್ವರ್‌ನ ಒಳಗಿಂದಲೇ. ಮನೆಯ ಲ್ಯಾಪ್‌ಟಾಪ್‌ನಿಂದ ಮಾಡಿದರೆ ಬೇರೆ ಐಪಿ, ಬೇರೆ ಉತ್ತರ.

ಮೊದಲು ಡಿಗ್ ಹಾಕಿ ಏಜೆಂಟ್ ಡೊಮೈನ್‌ನ ಎಂಎಕ್ಸ್ ತಿಳಿದುಕೊಳ್ಳಿ. ಆ ಸರ್ವರ್‌ನ 25ಕ್ಕೆ ಟೆಲ್‌ನೆಟ್ ಮಾಡಿ. 220 ಎಂದು ಶುರುವಾಗುವ ಸಾಲು ಬಂದರೆ ಬಾಗಿಲು ತೆರೆದಿದೆ. ಅದು ಬರುವವರೆಗೆ ಕಾಯಿರಿ, ಕೆಲವು ಸರ್ವರ್ ಬೇಕೆಂದೇ ತಡ ಮಾಡುತ್ತವೆ. ನಡುವೆ ಬಾಯಿ ಹಾಕಿದರೆ ಹೊರಗೆ ಹಾಕುತ್ತವೆ. ಆಮೇಲೆ ಇಎಚ್‌ಎಲ್‌ಓ ಜೊತೆ ನಮ್ಮ ಸರ್ವರ್ ಹೆಸರು. ನಂತರ ಮೇಲ್ ಫ್ರಮ್, ಕೋಲನ್, ಮೂಲೆ ಕಂಸದ ಒಳಗೆ ಡಬಲ್-ಬೌನ್ಸ್ ವಿಳಾಸ. 250 ಬಂದರೆ ಆರ್‌ಸಿಪಿಟಿ ಟು, ಕೋಲನ್, ಮೂಲೆ ಕಂಸದ ಒಳಗೆ ಏಜೆಂಟ್ ವಿಳಾಸ. ಉತ್ತರ ಓದಿ, ಕ್ವಿಟ್ ಎಂದು ಹೊರಗೆ ಬನ್ನಿ.

ಎರಡನೇ ಸಲ ಮೇಲ್ ಫ್ರಮ್ ಮುಂದೆ ಖಾಲಿ ಮೂಲೆ ಕಂಸ ಇಟ್ಟು ಕೇಳಿ. ಮೂರನೇ ಸಲ ನಿಮ್ಮ ನಿಜವಾದ ವಿಳಾಸ ಇಟ್ಟು ಕೇಳಿ. ಮೂರಕ್ಕೂ ಒಂದೇ ಉತ್ತರ ಬಂದರೆ ಸಮಸ್ಯೆ ಏಜೆಂಟ್ ವಿಳಾಸದ್ದು ಅಥವಾ ನಮ್ಮ ಐಪಿಯದ್ದು. ಡಬಲ್-ಬೌನ್ಸ್‌ಗೆ ಮಾತ್ರ ಇಲ್ಲ, ನಿಜ ವಿಳಾಸಕ್ಕೆ ಹೌದು ಎಂದರೆ ಮೈಒರಿಜಿನ್ ಕಥೆ. ಖಾಲಿ ವಿಳಾಸಕ್ಕೆ ಮಾತ್ರ ಇಲ್ಲ ಎಂದರೆ ಅವರ ಸರ್ವರ್ ನಿಯಮ ಮೀರಿ ಕೂತಿದೆ. ಬೌನ್ಸ್‌ಗಳು ಖಾಲಿ ವಿಳಾಸದಿಂದಲೇ ಬರುವುದು, ಅದನ್ನು ಎಲ್ಲರೂ ತೆಗೆದುಕೊಳ್ಳಲೇಬೇಕು. ಕೊನೆಗೊಮ್ಮೆ ಸುಮ್ಮನೆ ಬಾಯಿಗೆ ಬಂದ, ಇರಲು ಸಾಧ್ಯವೇ ಇಲ್ಲದ ಹೆಸರೊಂದನ್ನು ಆ ಡೊಮೈನ್‌ನಲ್ಲಿ ಕೇಳಿ. ಅದಕ್ಕೂ 250 ಬಂದರೆ ಆ ಸರ್ವರ್ ಎಲ್ಲದಕ್ಕೂ ಹೌದು ಎನ್ನುತ್ತದೆ. ಅಂಥ ಡೊಮೈನ್‌ಗೆ ಈ ಪರೀಕ್ಷೆ ಇಟ್ಟು ಉಪಯೋಗವೇ ಇಲ್ಲ.

ಎಲ್ಲವೂ ಪಾಸ್ ಆಗುತ್ತಿದ್ದರೆ

ತಿರುಗಿಸಿದ ದೂರು ಕೂಡ ಬರುತ್ತದೆ: "ಆನ್ ಮಾಡಿದ್ದೇವೆ, ಸ್ಪ್ಯಾಮ್ ಒಂದು ಚೂರೂ ಕಮ್ಮಿ ಆಗಿಲ್ಲ." ಲಾಗ್‌ನಲ್ಲಿ ಡಬಲ್-ಬೌನ್ಸ್ ಹೆಸರಿನ ಪರೀಕ್ಷೆಗಳನ್ನು ಹುಡುಕಿ. ಪ್ರತಿ ಸಾಲಿನಲ್ಲೂ ಸ್ಟೇಟಸ್ ಡೆಲಿವರಬಲ್ ಎಂದಿದ್ದು, ರಿಲೇ ಎಂಬ ಜಾಗದಲ್ಲಿ ಒಂದೇ ಸರ್ವರ್ ಹೆಸರು ಇದ್ದರೆ ಕಾರಣ ರಿಲೇಹೋಸ್ಟ್. ಹೊರಗೆ ಹೋಗುವ ಮೇಲೆಲ್ಲ ಯಾವುದೋ ಸೇವೆಯ ಮೂಲಕ ಹೋಗುವಂತೆ ಇಟ್ಟಿದ್ದರೆ ಪರೀಕ್ಷೆಯೂ ಅದೇ ದಾರಿ ಹಿಡಿಯುತ್ತದೆ. ಆ ಸೇವೆ ದುಡ್ಡು ಕೊಟ್ಟವರ ಯಾವ ವಿಳಾಸವನ್ನೂ ಬೇಡ ಎನ್ನುವುದಿಲ್ಲ. ಅಡ್ರೆಸ್_ವೆರಿಫೈ_ರಿಲೇಹೋಸ್ಟ್ ಎಂದು ಬರೆದು ಸಮ ಚಿಹ್ನೆಯ ಮುಂದೆ ಖಾಲಿ ಬಿಟ್ಟರೆ ಪರೀಕ್ಷೆ ಮಾತ್ರ ನೇರ ಹೋಗುತ್ತದೆ. ಆದರೆ ರಿಲೇ ಹಾಕಿದ್ದೇ 25 ಮುಚ್ಚಿದ್ದಕ್ಕಾಗಿ ಆಗಿದ್ದರೆ ಈ ಪರೀಕ್ಷೆ ನಿಮಗೆ ಆಗಿಬರುವುದಿಲ್ಲ. ತೆಗೆದುಹಾಕಿ.

ಲಾಡ್ಜ್‌ನ ಕಷ್ಟ

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ. ಅದಕ್ಕೆ ಮೊದಲು ಲಾಡ್ಜ್‌ಗಳಿಗೆ ಬುಕಿಂಗ್ ಮೇಲ್ ಸುರಿಯುತ್ತದೆ. ಅಲ್ಲಿ ಕಾಣುವ ದೋಷವೇ ಬೇರೆ. ಬುಕಿಂಗ್ ತಾಣಗಳು, ದೊಡ್ಡ ಪ್ರಮಾಣದಲ್ಲಿ ಕಳಿಸುವವರು ಒಂದೊಂದು ಮೇಲ್‌ಗೂ ಬೇರೆ ಬೇರೆ ಕವರ್ ವಿಳಾಸ ಹಾಕುತ್ತಾರೆ. ಉದ್ದ ಅಂಕಿ, ನಡುವೆ ಗ್ರಾಹಕರ ವಿಳಾಸ, ಹೀಗೆಲ್ಲ. ಯಾವ ಮೇಲ್ ಬೌನ್ಸ್ ಆಯಿತು ಎಂದು ತಿಳಿಯಲು ಅವರ ಉಪಾಯ ಅದು.

ಪೋಸ್ಟ್‌ಫಿಕ್ಸ್ ಒಮ್ಮೆ ಸರಿ ಬಂದ ವಿಳಾಸವನ್ನು 31 ದಿನ ನೆನಪಿಡುತ್ತದೆ, 7 ದಿನ ಕಳೆದ ಮೇಲೆ ಬಂದರೆ ಹಿಂದಿನಿಂದ ಮತ್ತೆ ಕೇಳಿಕೊಳ್ಳುತ್ತದೆ. ವಿಳಾಸ ಪ್ರತಿ ಸಲ ಹೊಸದಾದರೆ ಈ ನೆನಪು ಕೆಲಸಕ್ಕೆ ಬರುವುದಿಲ್ಲ. ಪ್ರತಿ ಬುಕಿಂಗ್‌ಗೂ ಹೊಸ ಪರೀಕ್ಷೆ, ಹೊಸ ಕಾಯುವಿಕೆ. ಜನ ಜಾಸ್ತಿ ಇದ್ದ ದಿನ ಆ ಕಡೆಯವರು "ನೀನು ತುಂಬಾ ಸಲ ಬರುತ್ತೀ" ಎಂದು ಬಾಗಿಲು ಹಾಕಿದರೆ ಅಲ್ಲಿಗೆ ಮುಗಿಯಿತು. ರಿಸೆಪ್ಷನ್‌ನಲ್ಲಿ ಗಿರಾಕಿ ನಿಂತಿರುತ್ತಾರೆ, ಕೈಯಲ್ಲಿ ಬುಕಿಂಗ್ ಕಾಗದ, ಲಾಡ್ಜ್‌ಗೆ ಮೇಲೇ ಬಂದಿಲ್ಲ. ಇಂಥ ಕಳಿಸುವವರನ್ನು ಪರೀಕ್ಷೆಯಿಂದ ಹೊರಗಿಡದೆ ಬೇರೆ ದಾರಿ ಇಲ್ಲ.

ಸರಿ ಮಾಡಿದರೂ ಬರುತ್ತಿಲ್ಲ ಎಂದರೆ

ಮೈಒರಿಜಿನ್ ಸರಿ ಮಾಡಿದಿರಿ, ಪಿಟಿಆರ್ ಬಂತು, ಕೈಯಾರೆ ಕೇಳಿದರೆ 250 ಬರುತ್ತದೆ. ಆದರೂ ಲಾಗ್‌ನಲ್ಲಿ ಹಳೇ ಅನ್‌ಡೆಲಿವರಬಲ್ ಸಾಲೇ. ಅದು ನೆನಪಿನ ಆಟ. ಇಲ್ಲ ಎಂಬ ಉತ್ತರವನ್ನೂ ಪೋಸ್ಟ್‌ಫಿಕ್ಸ್ 3 ದಿನ ಇಟ್ಟುಕೊಳ್ಳುತ್ತದೆ. 3 ಗಂಟೆ ಕಳೆದ ಮೇಲೆ ಅದೇ ವಿಳಾಸದಿಂದ ಮೇಲ್ ಬಂದರೆ ಹೊಸದಾಗಿ ಕೇಳಿ ನೋಡುತ್ತದೆ. ಕಾಯಲು ಪುರುಸೊತ್ತು ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ನಿಲ್ಲಿಸಿ, ವೆರಿಫೈ_ಕ್ಯಾಶ್ ಫೈಲ್ ಅನ್ನು ಬೇರೆ ಕಡೆ ಸರಿಸಿ, ಮತ್ತೆ ಶುರು ಮಾಡಿ. ಫೈಲ್ ಎಲ್ಲಿದೆ ಎಂದು ಅಡ್ರೆಸ್_ವೆರಿಫೈ_ಮ್ಯಾಪ್ ಹೇಳುತ್ತದೆ. ಹೊಸದು ತಾನಾಗಿ ಹುಟ್ಟುತ್ತದೆ. ಓಡುತ್ತಿರುವಾಗ ಫೈಲ್ ಮುಟ್ಟಬೇಡಿ. ಡಿಸ್ಕ್ ತುಂಬಿದಾಗ ಈ ಫೈಲ್ ಹಾಳಾಗುವುದೂ ಉಂಟು, ಮದ್ದು ಅದೇ.

ಪೋಸ್ಟ್‌ಫಿಕ್ಸ್ 2.7ಕ್ಕಿಂತ ಹಳೆಯದರಲ್ಲಿ ಈ ನೆನಪು ತಾನಾಗಿ ಫೈಲ್‌ಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಎಲ್ಲರನ್ನೂ ಮೊದಲಿನಿಂದ ಕೇಳುತ್ತದೆ. ಅಷ್ಟು ಹಳೇ ಸರ್ವರ್ ಇನ್ನೂ ಓಡುತ್ತಿದ್ದರೆ ಸ್ಪ್ಯಾಮ್‌ಗಿಂತ ದೊಡ್ಡ ಚಿಂತೆ ಬೇರೆ ಇದೆ ಬಿಡಿ.

ಹಾಗಾದರೆ ಎಲ್ಲಿ ಇಡಬೇಕು

ಎಲ್ಲ ಮೇಲ್‌ಗೂ ಇಡಬಾರದು. ಪೋಸ್ಟ್‌ಫಿಕ್ಸ್ ಮಾಡಿದವರೇ ತಮ್ಮ ಕೈಪಿಡಿಯಲ್ಲಿ ಹಾಗೆ ಎಚ್ಚರಿಸಿದ್ದಾರೆ, ಒಳ್ಳೇ ಮೇಲ್ ಕಳೆದುಕೊಳ್ಳುತ್ತೀರಿ ಎಂದು. ಸ್ಪ್ಯಾಮ್‌ನವರು ಪದೇ ಪದೇ ಹೆಸರು ಕದಿಯುವ, ಇಲ್ಲದ ವಿಳಾಸಕ್ಕೆ ಸರಿಯಾಗಿ ಇಲ್ಲ ಎನ್ನುವ ಕೆಲವೇ ಡೊಮೈನ್‌ಗಳಿಗೆ ಇಟ್ಟರೆ ಸಾಕು. ಸೆಂಡರ್_ಆಕ್ಸೆಸ್ ಎಂಬ ಪಟ್ಟಿ ಮಾಡಿ, ಎಡಕ್ಕೆ ಡೊಮೈನ್, ಬಲಕ್ಕೆ ರಿಜೆಕ್ಟ್_ಅನ್‌ವೆರಿಫೈಡ್_ಸೆಂಡರ್ ಬರೆಯಿರಿ. ಪೋಸ್ಟ್‌ಮ್ಯಾಪ್ (ಪಟ್ಟಿಯನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಕಮಾಂಡ್) ಮಾಡಿ. ಎಸ್‌ಎಂಟಿಪಿಡಿ_ಸೆಂಡರ್_ರಿಸ್ಟ್ರಿಕ್ಷನ್ಸ್ ಒಳಗೆ ಮೊದಲು ಪರ್ಮಿಟ್_ಮೈನೆಟ್‌ವರ್ಕ್ಸ್, ಆಮೇಲೆ ಪರ್ಮಿಟ್_ಸಾಸ್ಲ್_ಅಥೆಂಟಿಕೇಟೆಡ್, ಆಮೇಲೆ ರಿಜೆಕ್ಟ್_ಅನ್‌ನೋನ್_ಸೆಂಡರ್_ಡೊಮೈನ್, ಕಟ್ಟಕಡೆಗೆ ಈ ಪಟ್ಟಿ. ಮೊದಲ ಎರಡು ಬಿಟ್ಟುಹೋದರೆ ನಮ್ಮ ಆಫೀಸಿನವರೇ ಕಳಿಸುವ ಮೇಲನ್ನೂ ಸರ್ವರ್ ಪರೀಕ್ಷೆಗೆ ಕೂರಿಸುತ್ತದೆ.

ಬಿಟ್ಟುಬಿಡಿ ಎಂದು ಓಕೆ ಬರೆಯುವ ಪಟ್ಟಿಯಲ್ಲಿ ಕೈ ಬಿಗಿ ಇರಲಿ. ಅದನ್ನು ಸೆಂಡರ್ ನಿಯಮಗಳ ಒಳಗೇ ಇಡಿ. ರಿಸಿಪಿಯಂಟ್ ನಿಯಮಗಳಲ್ಲಿ, ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಶನ್‌ಗೆ ಮೊದಲು ಇಟ್ಟರೆ 2.10ಕ್ಕಿಂತ ಹಳೇ ಪೋಸ್ಟ್‌ಫಿಕ್ಸ್ ಊರವರಿಗೆಲ್ಲ ರಿಲೇ ಆಗಿಬಿಡುತ್ತದೆ, ಅಂದರೆ ಹೊರಗಿನವರ ಮೇಲನ್ನು ಹೊರಗಿನವರಿಗೇ ದಾಟಿಸುತ್ತದೆ. ಇನ್ನೊಂದು, ನಮ್ಮ ಜಿಲ್ಲೆಗಳು ಬ್ಯಾಂಕ್‌ಗಳ ತವರು. ಇಲ್ಲಿನ ಹಳೇ ಸರ್ವರ್‌ಗಳ ಪಟ್ಟಿಯಲ್ಲಿ ಬ್ಯಾಂಕ್ ಡೊಮೈನ್‌ಗಳೇ ಜಾಸ್ತಿ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾದವು. ಪಟ್ಟಿಯಲ್ಲಿ ಆ ಹೆಸರುಗಳು ಈಗಲೂ ಓಕೆ ಎಂದೇ ಕೂತಿದ್ದರೆ ಅವುಗಳ ಹೆಸರಿನಲ್ಲಿ ಯಾರು ಬಂದರೂ ಬಾಗಿಲು ತೆರೆಯುತ್ತದೆ. ತೆಗೆಯಿರಿ.

ನಮ್ಮದೇ ಡೊಮೈನ್ ಹೆಸರು ಹಾಕಿಕೊಂಡು ಹೊರಗಿನಿಂದ ಬರುವ ಸ್ಪ್ಯಾಮ್‌ಗೆ ಯಾರ ಬಾಗಿಲಿಗೂ ಹೋಗಬೇಕಿಲ್ಲ. ಎಸ್‌ಎಂಟಿಪಿಡಿ_ರಿಜೆಕ್ಟ್_ಅನ್‌ಲಿಸ್ಟೆಡ್_ಸೆಂಡರ್ ಅನ್ನು ಯೆಸ್ ಮಾಡಿ. ನಮ್ಮಲ್ಲಿ ಇಲ್ಲದ ಹೆಸರು ಬಂದರೆ ಸರ್ವರ್ ತನ್ನ ಪಟ್ಟಿ ನೋಡಿ ಅಲ್ಲೇ ತಳ್ಳುತ್ತದೆ.

"ಇವರೇ ಕಳಿಸಿದ್ದಾ" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಎಸ್‌ಪಿಎಫ್ ಕವರ್ ವಿಳಾಸದ ಡೊಮೈನ್ ಈ ಐಪಿಗೆ ಅನುಮತಿ ಕೊಟ್ಟಿದೆಯಾ ನೋಡುತ್ತದೆ. ಡಿಕಿಮ್ ಸಹಿ ನೋಡುತ್ತದೆ. ಡಿಮಾರ್ಕ್ ಇವೆರಡನ್ನೂ ನಮ್ಮ ಕಣ್ಣಿಗೆ ಕಾಣುವ ಫ್ರಮ್ ಸಾಲಿಗೆ ತಾಳೆ ಹಾಕುತ್ತದೆ. ಡಿಎನ್‌ಎಸ್ ಓದಿದರೆ ಸಾಕು, ಯಾರಿಗೂ ತೊಂದರೆ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಕೂಡ ತನ್ನ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಮೂರನ್ನೂ ಇಟ್ಟಿರಬೇಕು ಎಂದು ನಿಯಮ ಮಾಡಿದೆ. ಹಾಗಾಗಿ ದೊಡ್ಡವರೆಲ್ಲ ಇಟ್ಟುಕೊಂಡಿದ್ದಾರೆ. ರ್‌ಸ್ಪ್ಯಾಮ್‌ಡಿ ಎಂಬ ಸ್ಪ್ಯಾಮ್ ಸೋಸುವ ಪ್ರೋಗ್ರಾಂ ಒಂದನ್ನು ಕೂರಿಸಿದರೆ ಮೂರನ್ನೂ ನೋಡಿ ಅಂಕ ಹಾಕುತ್ತದೆ.

ಈಗಾಗಲೇ ಓಡುತ್ತಿರುವ ಸರ್ವರ್‌ನಲ್ಲಿ ಹೊಸ ಡೊಮೈನ್ ಸೇರಿಸುವ ಮೊದಲು ಪಟ್ಟಿಯ ಬಲಗಡೆ ವಾರ್ನ್_ಇಫ್_ರಿಜೆಕ್ಟ್ ಎಂದು ಬರೆದು ಅದರ ಮುಂದೆ ನಿಯಮ ಬರೆಯಿರಿ. ಆಗ ಮೇಲ್ ಒಳಗೆ ಬರುತ್ತದೆ, ಲಾಗ್‌ನಲ್ಲಿ ಮಾತ್ರ ರಿಜೆಕ್ಟ್_ವಾರ್ನಿಂಗ್ ಎಂದು ಬೀಳುತ್ತದೆ. ಪ್ರಶ್ನೆ ಕೇಳಲು ಮಾತ್ರ ಆಗಲೂ ಹೋಗುತ್ತದೆ, ಅದು ಗೊತ್ತಿರಲಿ. ತಿಂಗಳ ಕೊನೆ, ಸಂಬಳದ ದಿನ, ಜಿಎಸ್‌ಟಿ ಕಟ್ಟುವ ದಿನ ಎಲ್ಲ ಒಮ್ಮೆ ದಾಟಲಿ. ಆ ಸಾಲುಗಳನ್ನು ಆಫೀಸಿನವರ ಎದುರು ಕೂತು ಓದಿ, ಯಾವ ಹೆಸರು ಅವರಿಗೆ ಬೇಕಾದ್ದು ಎಂದು ಕೇಳಿ ಗುರುತು ಹಾಕಿ. ಬೇಕಾದ್ದು ಒಂದೂ ಸಿಕ್ಕದಿದ್ದರೆ ವಾರ್ನ್_ಇಫ್_ರಿಜೆಕ್ಟ್ ತೆಗೆದು ಪೋಸ್ಟ್‌ಮ್ಯಾಪ್ ಮಾಡಿ. ಕೋಡ್ ಅನ್ನು 550ಕ್ಕೆ ಬದಲಿಸುವುದಾದರೆ ಅದಕ್ಕೂ ನಂತರ, ಬೇರೆ ದಿನ.